ಎರಡು ಅಡ್ಡಸಾಲು ಕೆಳಗೆ

ನಮ್ಮ ಮನೆಯ ಟಿ.ವಿ. ಇಟ್ಟ ಮೇಜಿನ ಕೆಳಗಿನ ಖಾನೆಯಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವನು. ಅಂಕಪಟ್ಟಿ ಬರೆದೂ ಬರೆದೂ ಕೈಗೆ ಹತ್ತಿದ ಅಭ್ಯಾಸದಿಂದ ಅದರ ಪ್ರತಿ ಪುಟಕ್ಕೂ ಸ್ಕೇಲಿಟ್ಟು ಮೂರು ಕಂಬಸಾಲು ಎಳೆದಿದ್ದೇನೆ. ಮೊದಲನೆಯದರಲ್ಲಿ ತಾರೀಖು, ಎರಡನೆಯದರಲ್ಲಿ ಆ ದಿನ ಮಗಳು ಮಾಡಿದ ಕೆಲಸಗಳು, ಮೂರನೆಯದರಲ್ಲಿ ಅವಳು ಹೇಗಿದ್ದಳು ಎಂಬುದಕ್ಕೆ ಹತ್ತರಲ್ಲಿ ಒಂದು ಅಂಕ. ಆ ಅಂಕವನ್ನು ಅವಳೇ ಕೊಡಬೇಕೆಂಬುದು ನಮ್ಮಿಬ್ಬರ ಒಪ್ಪಂದವಾಗಿತ್ತು. 2021ರ ಡಿಸೆಂಬರಿನ ಮೊದಲ ಪುಟದಲ್ಲಿ "ಶಾಲೆ, ಹೋಂವರ್ಕ್, ತಲೆಸ್ನಾನ – 3" ಎಂದಿದೆ. ತಲೆಸ್ನಾನವನ್ನೂ ಶಾಲೆಯ ಸಾಲಿನಲ್ಲಿಟ್ಟು ಒಂದು ಕೆಲಸವೆಂದು ಲೆಕ್ಕ ಹಿಡಿಯುವಂಥದ್ದು ಹದಿಮೂರು ವರ್ಷದ ಹುಡುಗಿಯ ಮನೆಯಲ್ಲಿ ಏನಾಗಿತ್ತು ಎಂದು ಹೇಳಲು ಏಳು ತಿಂಗಳು ಹಿಂದಕ್ಕೆ ಹೋಗಬೇಕು. ಸೋಂಕು ಕಳೆದ ಮೇಲೂ ತಿಂಗಳುಗಟ್ಟಲೆ ಬಿಡದ ಲಾಂಗ್ ಕೋವಿಡ್ಡಿನ ಕತೆ ಇದು.

ಆ ವರ್ಷದ ಮೇ ತಿಂಗಳಲ್ಲಿ, ಕೋವಿಡ್ಡಿನ ಎರಡನೆಯ ಅಲೆ ಊರೂರನ್ನು ಹಿಡಿದಿದ್ದಾಗ, ನನಗೂ ಹೆಂಡತಿಗೂ ಒಂದೇ ದಿನ ಜ್ವರ ಬಂತು. ಇಬ್ಬರ ಆರ್‌ಟಿ-ಪಿಸಿಆರ್ ವರದಿಯೂ ಪಾಸಿಟಿವ್ ಆಗಿತ್ತು. ಮಗಳಿಗೆ ಎರಡು ದಿನ ಮೈ ಬೆಚ್ಚಗಿತ್ತು, ಗಂಟಲು ಕೆರೆಯುತ್ತಿತ್ತು, ಅಷ್ಟೆ. ಮನೆಯಲ್ಲಿ ಇಬ್ಬರಿಗೆ ಬಂದ ಮೇಲೆ ಮಗುವಿಗೂ ಬಂದಂತೆಯೇ ಎಂದುಕೊಳ್ಳಿ, ಬೇರೆ ಪರೀಕ್ಷೆ ಬೇಡ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಆ ದಿನಗಳ ನೂಕುನುಗ್ಗಲನ್ನು ನೆನೆದರೆ ಹಾಗೆ ಹೇಳಿದ್ದು ತಪ್ಪೆಂದು ಈಗಲೂ ಅನ್ನಿಸುವುದಿಲ್ಲ. ಮೂರನೆಯ ದಿನ ಅವಳು ಎದ್ದು, ಒಂದರ ಮೇಲೊಂದು ಮಾಸ್ಕ್ ಹಾಕಿಕೊಂಡು, ಯಾರೂ ಹೇಳದೆಯೇ ಗಂಜಿ ಕಾಯಿಸಿ ನಮ್ಮ ಕೋಣೆಯ ಬಾಗಿಲ ಹೊರಗೆ ಇಟ್ಟಳು. ಮಕ್ಕಳಿಗೆ ಈ ಕಾಯಿಲೆ ಏನೂ ಮಾಡುವುದಿಲ್ಲ ಎಂಬ ಮಾತನ್ನು ಆಗ ಎಲ್ಲರೂ ನಂಬಿದ್ದೆವು. ಉಸಿರಾಟ ಕೆಡುವಂತಹ ತೀವ್ರ ಕಾಯಿಲೆಯ ಮಟ್ಟಿಗೆ ಆ ಮಾತು ಬಹುಪಾಲು ನಿಜವೂ ಆಗಿತ್ತು. ಸೋಂಕು ತಗುಲಿದ ಎರಡರಿಂದ ಆರು ವಾರಗಳಲ್ಲಿ ಕೆಲವು ಮಕ್ಕಳಿಗೆ ಎಂಐಎಸ್-ಸಿ ಎಂಬ ಉರಿಯೂತದ ಕಾಯಿಲೆ ಬರಬಹುದೆಂದು ಪತ್ರಿಕೆಗಳಲ್ಲಿ ಓದಿ, ಜ್ವರ, ಮೈಮೇಲಿನ ದದ್ದು, ಕಣ್ಣಿನ ಕೆಂಪು ಇವುಗಳಿಗಾಗಿ ಆರು ವಾರ ಕಾದೆವು. ಯಾವುದೂ ಬರಲಿಲ್ಲ. ಗಂಡಾಂತರ ಕಳೆಯಿತೆಂದು ನಾವು ನಿಟ್ಟುಸಿರು ಬಿಟ್ಟಿದ್ದು ಆಗಲೇ.

ಜುಲೈ ಹೊತ್ತಿಗೆ ಅವಳಿಗೆ ತಲೆನೋವು ಶುರುವಾಯಿತು. ಶಾಲೆಗಳು ಮುಚ್ಚಿದ್ದವು, ಪಾಠ ಫೋನಿನಲ್ಲಿ ನಡೆಯುತ್ತಿತ್ತು, ಮನೆಮನೆಯಲ್ಲೂ ಮಕ್ಕಳು ಫೋನ್ ಹಿಡಿದು ಮಲಗಿಯೇ ಇರುತ್ತಿದ್ದರು. ಹೀಗಾಗಿ ಮಲಗಿದವಳು ಏಳಲಾರದೆ ಮಲಗಿದ್ದಾಳೆಂಬುದು ಯಾರ ಕಣ್ಣಿಗೂ ಬೀಳಲಿಲ್ಲ. ಸೆಪ್ಟೆಂಬರ್ 6ರಿಂದ ಸೋಂಕಿನ ಪ್ರಮಾಣ ಕಡಿಮೆಯಿದ್ದ ತಾಲ್ಲೂಕುಗಳಲ್ಲಿ ಆರರಿಂದ ಎಂಟನೆಯ ತರಗತಿಗಳು ತೆರೆದವು. ಎಂಟನೆಯ ತರಗತಿಗೆ ಹೊಸ ಸಮವಸ್ತ್ರ ಹಾಕಿಕೊಂಡು ಕುಣಿಯುತ್ತ ಹೋದವಳು ಎರಡನೆಯ ವಾರದಲ್ಲಿ ಮೆಟ್ಟಿಲ ಮೇಲೆ ಕುಳಿತು ಶೂ ಬಿಚ್ಚಲು ಹತ್ತು ನಿಮಿಷ ತೆಗೆದುಕೊಳ್ಳುತ್ತಿದ್ದಳು. ಮೂರನೆಯ ವಾರ ಬೆಳಿಗ್ಗೆ ಏಳಲಿಲ್ಲ. ಒಗ್ಗರಣೆಗೆ ಬೆಳ್ಳುಳ್ಳಿ ಬಿದ್ದ ಕೂಡಲೇ ಮೂಗು ಮುಚ್ಚಿಕೊಂಡು ಹಿತ್ತಿಲಿಗೆ ಓಡುತ್ತಿದ್ದಳು. ಕಾಫಿ ಸೀದ ರಬ್ಬರಿನಂತೆ ನಾರುತ್ತದೆ ಎನ್ನುತ್ತಿದ್ದಳು. ಓದಿದ ಪುಟದ ಮೊದಲ ಸಾಲು ಕೊನೆಯ ಸಾಲಿಗೆ ಬರುವಷ್ಟರಲ್ಲಿ ಮರೆತುಹೋಗುತ್ತಿತ್ತು. ಬಾಯಿಪಾಠವಾಗಿದ್ದ ಹದಿನೇಳರ ಮಗ್ಗಿ ನಡುವೆ ಕಡಿದು, "ತಲೆಯೊಳಗೆ ಇಬ್ಬನಿ ಬಿದ್ದ ಹಾಗಾಗುತ್ತೆ ಅಪ್ಪಾ" ಎಂದಳು. ನಾನು ಅದನ್ನು ಮಗ್ಗಿ ಕಲಿಯದವರ ನೆಪವೆಂದುಕೊಂಡೆ.

ಮೇಷ್ಟರಾದವರಿಗೆ ನೆಪಗಳ ಪಟ್ಟಿಯೊಂದು ಬಾಯಿಗೇ ಬಂದಿರುತ್ತದೆ. ಒಂದೂವರೆ ವರ್ಷ ಮನೆಯಲ್ಲಿ ಕೂತ ಮಕ್ಕಳಿಗೆ ಬರೆಯುವ ಅಭ್ಯಾಸ ತಪ್ಪಿದೆ, ಕೂರುವ ಅಭ್ಯಾಸ ತಪ್ಪಿದೆ, ಫೋನಿನ ಚಟ ಹತ್ತಿದೆ ಎಂದು ಆ ದಿನಗಳಲ್ಲಿ ನಮ್ಮ ಶಿಕ್ಷಕರ ಕೊಠಡಿಯಲ್ಲಿ ಮಾತಾಗದ ದಿನವಿರಲಿಲ್ಲ, ಅದು ಸುಳ್ಳೂ ಆಗಿರಲಿಲ್ಲ. ತೊಂದರೆಯೆಂದರೆ, ಆ ಒಂದು ನಿಜವನ್ನು ನಾವು ಎಲ್ಲ ಮಕ್ಕಳ ಮೇಲೂ ಒಂದೇ ಕಂಬಳಿಯಂತೆ ಹೊದಿಸಿಬಿಟ್ಟೆವು. ದೊಡ್ಡವರ ಕಾಯಿಲೆ ದೊಡ್ಡವರಲ್ಲಿ ಕಾಯಿಲೆಯಾಗಿಯೇ ಕಾಣುತ್ತದೆ: ಅವರು ರಜೆ ಹಾಕುತ್ತಾರೆ, ಡಾಕ್ಟರರ ಬಳಿ ತಾವೇ ಹೋಗುತ್ತಾರೆ, ಹಿಂದೆ ಹೇಗಿದ್ದೆ ಈಗ ಹೇಗಾದೆ ಎಂದು ಹೋಲಿಸಿ ಹೇಳುತ್ತಾರೆ. ಮಗುವಿನ ಕಾಯಿಲೆ ಮೊದಲು ನಡತೆಯಾಗಿ ಕಾಣುತ್ತದೆ. ಊಟ ಬೇಡವೆಂದರೆ ಹಟ, ಏಳಲಾಗದಿದ್ದರೆ ಸೋಮಾರಿತನ, ಮರೆತರೆ ಅಲಕ್ಷ್ಯ, ಅತ್ತರೆ ವಯಸ್ಸಿನ ಗುಣ. ಇನ್ನೂ ಮಾತು ಬಾರದ ಮಕ್ಕಳ ಗತಿಯಂತೂ ಹೇಳುವುದೇ ಬೇಡ. ಅಮೆರಿಕದ ರಿಕವರ್ ಎಂಬ ದೊಡ್ಡ ಅಧ್ಯಯನ ಎರಡು ವರ್ಷದೊಳಗಿನ ಕೂಸುಗಳಲ್ಲಿ ಲಾಂಗ್ ಕೋವಿಡ್ಡಿನ ಲಕ್ಷಣಗಳೆಂದು ಗುರುತಿಸಿರುವುದು ಹಸಿವಿಲ್ಲದಿರುವುದು, ನಿದ್ದೆ ಕೆಡುವುದು, ಮೂಗು ಕಟ್ಟುವುದು ಮತ್ತು ಕೆಮ್ಮನ್ನು. ಯಾವ ಮನೆಯಲ್ಲಿ ಯಾವ ಕೂಸಿಗೆ ಇವು ಇರುವುದಿಲ್ಲ?

ನಮ್ಮ ಭಾಷೆಯಲ್ಲಿ ಈ ಸ್ಥಿತಿಗಳಿಗೆ ಬೇರೆಬೇರೆ ಹೆಸರುಗಳಿವೆ ಎಂಬುದು ನನಗೆ ತಡವಾಗಿ ಹೊಳೆಯಿತು. ದಿನವಿಡೀ ಗದ್ದೆಯಲ್ಲಿ ಬಗ್ಗಿದವನಿಗೆ ಆಗುವುದು ದಣಿವು. ಉಂಡು ಮಲಗಿದರೆ ಅದು ಬೆಳಗಾಗುವಷ್ಟರಲ್ಲಿ ಇಳಿಯುತ್ತದೆ. ಬೆಟ್ಟ ಹತ್ತಿದವನಿಗೆ ಆಯಾಸ. ಬಹುದಿನದ ಜ್ವರದಿಂದ ಎದ್ದವನಿಗೆ ಬಳಲಿಕೆ. ಇವುಗಳಾಚೆ ನಿತ್ರಾಣ ಎಂಬ ಮಾತಿದೆ, ಕೈಕಾಲುಗಳಲ್ಲಿ ತ್ರಾಣವೇ ಇಲ್ಲದ ಸ್ಥಿತಿ. ನಮ್ಮ ಅಮ್ಮ ಮೊಮ್ಮಗಳನ್ನು ನೋಡಿ ಮೊದಲ ದಿನದಿಂದಲೂ ಇದೇ ಮಾತನ್ನು ಹೇಳುತ್ತಿದ್ದರು. ನಾನು ಮಾತ್ರ ಪೇಟೆಯ ಮಾತಿನಲ್ಲಿ ಎಲ್ಲವನ್ನೂ ಸುಸ್ತು ಎಂದು ಕರೆದು, ಸುಸ್ತಿಗೆ ಒಂದೇ ಮದ್ದು, ಬೇಗ ಮಲಗಿ ಬೇಗ ಏಳುವುದು, ಎಂದು ತೀರ್ಮಾನಿಸಿದ್ದೆ.

ಡಾಕ್ಟರರ ಬಳಿಗೆ ಹೋದ ಕತೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ, ಏಕೆಂದರೆ ಇಂಥ ಮಗುವಿರುವ ಮನೆಗಳಲ್ಲಿ ಅದು ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ವಿಟಮಿನ್ ಡಿ, ಇಸಿಜಿ, ಎದೆಯ ಎಕ್ಸ್‌ರೇ, ಎಕೋ: ಎಲ್ಲವೂ ನಾರ್ಮಲ್. ರಕ್ತಹೀನತೆ, ಥೈರಾಯ್ಡ್‌ನಂತಹ ಬೇರೆ ಕಾರಣಗಳನ್ನು ತಳ್ಳಿಹಾಕಲು ಈ ಪರೀಕ್ಷೆಗಳು ಬೇಕೇ ಬೇಕು. ಆದರೆ ಲಾಂಗ್ ಕೋವಿಡ್ ಇದೆ ಅಥವಾ ಇಲ್ಲ ಎಂದು ತೋರಿಸುವ ಒಂದೇ ಒಂದು ರಕ್ತಪರೀಕ್ಷೆ ಇಂದಿಗೂ ಇಲ್ಲ. ಒಬ್ಬರು ಟಾನಿಕ್ ಬರೆದರು. ಇನ್ನೊಬ್ಬರು ಹುಡುಗಿ ದೊಡ್ಡವಳಾಗುತ್ತಿದ್ದಾಳೆ, ಹೀಗೆಲ್ಲ ಇರುತ್ತದೆ ಎಂದರು. ಮೂರನೆಯವರು, ಓದಿನ ಟೆನ್ಷನ್, ಬೆಳಿಗ್ಗೆ ಎಬ್ಬಿಸಿ ಮೈದಾನಕ್ಕೆ ಕರೆದೊಯ್ದು ಓಡಿಸಿ, ತಾನಾಗಿ ಸರಿಹೋಗುತ್ತದೆ ಎಂದರು. ನಾನು ಓಡಿಸಿದೆ. ಒಂದು ಭಾನುವಾರ ಬೆಳಿಗ್ಗೆ ನಾಲ್ಕು ಸುತ್ತು ಓಡಿದಳು, ನಕ್ಕಳು, ಮನೆಗೆ ಬಂದು ಮೂರು ದೋಸೆ ತಿಂದಳು. ನಾನು ಗೆದ್ದವನಂತೆ ಹೆಂಡತಿಯ ಮುಖ ನೋಡಿದೆ. ಸೋಮವಾರವೂ ಶಾಲೆಗೆ ಹೋದಳು. ಮಂಗಳವಾರ ಮಧ್ಯಾಹ್ನ ಬಿದ್ದವಳು ಮತ್ತೆ ಎದ್ದು ಶಾಲೆಗೆ ಹೋಗಲು ಒಂಬತ್ತು ದಿನ ಹಿಡಿಯಿತು.

ಆಗಲೂ ನನಗೆ ಭಾನುವಾರಕ್ಕೂ ಮಂಗಳವಾರಕ್ಕೂ ಸಂಬಂಧ ಕಾಣಲಿಲ್ಲ. ನೋಟ್‌ಬುಕ್ ಶುರುಮಾಡಿದ್ದು, ನಿಜ ಹೇಳಬೇಕೆಂದರೆ, ಅವಳ ಸೋಮಾರಿತನವನ್ನು ಅವಳಿಗೇ ಸಾಬೀತುಪಡಿಸಲು. ಹೆಚ್ಚು ಕೆಲಸ ಮಾಡಿದ ದಿನ ಕಡಿಮೆ ಅಂಕ ಬರುತ್ತಿದ್ದರೆ ಕಾಯಿಲೆಯೆಂದು ಒಪ್ಪುತ್ತೇನೆ, ಹಾಗಲ್ಲದಿದ್ದರೆ ನೀನು ಮೇಷ್ಟರ ಮಾತು ಕೇಳಬೇಕು ಎಂಬುದು ನನ್ನ ಷರತ್ತು. ಆರು ವಾರಗಳ ನಂತರ ಪುಟಗಳನ್ನು ಹರಡಿಕೊಂಡು ಕೂತಾಗ ನಾನು ಅಂದುಕೊಂಡಂತೆಯೇ ಆಯಿತು: ಕೆಲಸಕ್ಕೂ ಅಂಕಕ್ಕೂ ತಾಳಮೇಳವೇ ಇರಲಿಲ್ಲ. ಕಡಿಮೆ ಕೆಲಸದ ದಿನ 2 ಎಂದಿತ್ತು, ಮದುವೆಮನೆಗೆ ಹೋಗಿ ಬಂದ ದಿನ 7 ಎಂದಿತ್ತು. ಸಂಖ್ಯೆಗಳನ್ನು ನೋಡುತ್ತ ಕೂತರೆ ಕೈ ಸುಮ್ಮನಿರುವುದಿಲ್ಲ. ಅಂಕಗಳನ್ನು ಬೇರೊಂದು ಹಾಳೆಗೆ ಇಳಿಸಿಕೊಂಡು, ಆ ಹಾಳೆಯನ್ನು ಕೆಲಸದ ಪಟ್ಟಿಯ ಪಕ್ಕದಲ್ಲಿಟ್ಟು ಮೇಲೆ ಕೆಳಗೆ ಸರಿಸುತ್ತಿದ್ದೆ. ಅಂಕದ ಹಾಳೆಯನ್ನು ಎರಡು ಅಡ್ಡಸಾಲಿನಷ್ಟು ಮೇಲಕ್ಕೆ ಸರಿಸಿದಾಗ, ಎಂದರೆ ಪ್ರತಿ ದಿನದ ಕೆಲಸದ ಎದುರಿಗೆ ಎರಡು ದಿನದ ನಂತರದ ಅಂಕ ಬಂದು ನಿಂತಾಗ, ಎಲ್ಲವೂ ಒಂದರೊಳಗೊಂದು ಕೂತಿತು. ಮದುವೆಮನೆಯ ಎದುರಿಗೆ 2. ಮೈದಾನದ ಓಟದ ಎದುರಿಗೆ 1. ಕಿರುಪರೀಕ್ಷೆಯ ಎದುರಿಗೆ, ಅದು ಬರೀ ಕುರ್ಚಿಯಲ್ಲಿ ಕೂತು ಬರೆದದ್ದಾದರೂ, 3. ಗಣಿತದಲ್ಲಿ ಸುಂದರವಾದದ್ದನ್ನು ಕಂಡಾಗ ಆಗುವ ಸಂತೋಷ ಒಂದು ಕ್ಷಣ ಆಯಿತು, ನಂತರ ನಾಚಿಕೆಯಾಯಿತು. ಮಗಳು ಒಳಗೆ ಮಲಗಿದ್ದಳು. ಅವಳನ್ನು ಎಬ್ಬಿಸಿ ಹೇಳಬೇಕೋ ಬೇಡವೋ ತಿಳಿಯದೆ ಬಹಳ ಹೊತ್ತು ಹಾಗೆಯೇ ಕೂತಿದ್ದೆ.

ಇದಕ್ಕೆ ವೈದ್ಯಕೀಯದಲ್ಲಿ ಪೋಸ್ಟ್ ಎಕ್ಸರ್ಷನಲ್ ಮಲೇಸ್ ಎಂಬ ಹೆಸರಿದೆಯೆಂದು ಮುಂದೆ ಬೆಂಗಳೂರಿನಲ್ಲಿ ಕಂಡ ಮಕ್ಕಳ ವೈದ್ಯರೊಬ್ಬರು ತಿಳಿಸಿದರು. ಶ್ರಮದ ನಂತರದ ಕುಸಿತ ಎನ್ನೋಣ. ಶ್ರಮ ದೇಹದ್ದೇ ಆಗಬೇಕಿಲ್ಲ, ಓದು, ಗದ್ದಲ, ಅಳು, ನೆಂಟರ ಮಾತುಕತೆ ಯಾವುದೂ ಆಗಬಹುದು. ಕುಸಿತ ಬರುವುದು ಕೂಡಲೇ ಅಲ್ಲ, ಅರ್ಧ ದಿನದಿಂದ ಎರಡು ದಿನಗಳ ನಂತರ. ಕೋವಿಡ್‌ಗಿಂತ ಬಹಳ ಹಿಂದಿನಿಂದಲೂ, ಬೇರೆ ಸೋಂಕುಗಳ ನಂತರ ಬರುವ, ಎಂಇ/ಸಿಎಫ್‌ಎಸ್ ಎಂಬ ತೀವ್ರ ಬಳಲಿಕೆಯ ಕಾಯಿಲೆಯ ಮುಖ್ಯ ಗುರುತು ಇದೇ ಆಗಿತ್ತು. ಅಂಥವರಿಗೆ ದಿನದಿನಕ್ಕೆ ವ್ಯಾಯಾಮವನ್ನು ಹೆಚ್ಚಿಸುತ್ತ ಹೋಗುವ ಚಿಕಿತ್ಸೆಯನ್ನು ಕೊಡಬಾರದೆಂದು ಬ್ರಿಟನ್ನಿನ ನೈಸ್ ಸಂಸ್ಥೆ 2021ರ ಅಕ್ಟೋಬರಿನಲ್ಲಿ ತನ್ನ ಮಾರ್ಗಸೂಚಿಯನ್ನೇ ಬದಲಿಸಿತ್ತು. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ನಾನು ಮಗಳನ್ನು ಮೈದಾನದಲ್ಲಿ ಓಡಿಸುತ್ತಿದ್ದೆ. ಲಾಂಗ್ ಕೋವಿಡ್ ಇರುವ ಎಲ್ಲ ಮಕ್ಕಳಿಗೂ ಈ ಕುಸಿತ ಇರುವುದಿಲ್ಲ, ಇಲ್ಲದವರಿಗೆ ಹಗುರವಾದ ಆಟ ಒಳ್ಳೆಯದನ್ನೇ ಮಾಡಬಹುದು. ಆದ್ದರಿಂದ ಓಡಿಸುವ ಮುನ್ನ ಎರಡು ದಿನದ ನಂತರ ಏನಾಗುತ್ತದೆಂದು ನೋಡಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಅಮ್ಮ ಆಗ ಮನೆಯಲ್ಲಿ ಜಪದಂತೆ ಹೇಳತೊಡಗಿದರು. "ನನ್ನ ಹಾಸಿಗೆ ದಿನಾ ಬೇರೆ ಉದ್ದ ಇರುತ್ತಲ್ಲ ಅಜ್ಜಿ, ಬೆಳಿಗ್ಗೆ ಎದ್ದಾಗ ಹೇಗೆ ಗೊತ್ತಾಗಬೇಕು?" ಎಂದು ಮಗಳು ಕೇಳಿದಳು. ಈ ಚಿಕಿತ್ಸೆಯ ಕಷ್ಟವೆಲ್ಲ ಆ ಪ್ರಶ್ನೆಯಲ್ಲಿದೆ. ಚೆನ್ನಾಗಿದ್ದ ದಿನ ಎಲ್ಲವನ್ನೂ ಮಾಡಿ ಮುಗಿಸಬೇಕೆನ್ನುವ ಆಸೆಯನ್ನು ತಡೆಯುವುದು ಹದಿಮೂರರ ಹುಡುಗಿಗೆ ಎಂಥ ಶಿಕ್ಷೆಯೆಂಬುದನ್ನು ನೋಡಿದವರೇ ಬಲ್ಲರು.

ಎರಡನೆಯ ಅಲೆಯಲ್ಲಿ ಪ್ರತಿ ಮನೆಯವರೂ ಕೊಂಡು ಕಪಾಟಿನಲ್ಲಿ ಮರೆತ ಪಲ್ಸ್ ಆಕ್ಸಿಮೀಟರ್ ನಮಗೆ ಮತ್ತೆ ಉಪಯೋಗಕ್ಕೆ ಬಂತು. ಹತ್ತು ನಿಮಿಷ ಮಲಗಿಸಿ ನಾಡಿ ನೋಡಿ, ನಂತರ ಗೋಡೆಗೆ ಒರಗಿಸಿ ಹತ್ತು ನಿಮಿಷ ನಿಲ್ಲಿಸಿ ನೋಡಿ ಎಂದು ಅದೇ ವೈದ್ಯರು ಹೇಳಿಕೊಟ್ಟಿದ್ದರು. ಮಲಗಿದಾಗ 74 ಇದ್ದ ನಾಡಿ ಎಂಟನೆಯ ನಿಮಿಷಕ್ಕೆ 121 ಮುಟ್ಟಿತು; ಅವಳ ಪಾದಗಳು ಕೆನ್ನೀಲಿಯಾದವು, ಕೈ ತಣ್ಣಗಾಯಿತು, ನಾನು ಪರೀಕ್ಷೆ ನಿಲ್ಲಿಸಿದೆ. ರಕ್ತದೊತ್ತಡ ಇಳಿಯದೆ, ಎದ್ದು ನಿಂತ ಹತ್ತು ನಿಮಿಷದೊಳಗೆ ನಾಡಿ ದೊಡ್ಡವರಲ್ಲಿ 30, ಹದಿಹರೆಯದವರಲ್ಲಿ 40 ಬಡಿತಕ್ಕಿಂತ ಹೆಚ್ಚು ಏರಿ, ತಿಂಗಳುಗಟ್ಟಲೆ ಅದು ಹಾಗೆಯೇ ಇದ್ದರೆ ಅದನ್ನು ಪಾಟ್ಸ್ ಎನ್ನುತ್ತಾರೆ. ನಾವು ಯೋಚಿಸದೆಯೇ ನಡೆಯುವ ನಾಡಿ, ಬೆವರು, ಜೀರ್ಣಗಳನ್ನು ನೋಡಿಕೊಳ್ಳುವ ನರಗಳ ವ್ಯವಸ್ಥೆ ಹದ ತಪ್ಪಿ, ನಿಂತಾಗ ಕಾಲಿಗೆ ಇಳಿದ ರಕ್ತ ಮೇಲೇರಲು ತಡವಾಗುತ್ತದೆ. ಹೃದಯ ಆ ಕೊರತೆಯನ್ನು ತುಂಬಲು ಓಡುತ್ತದೆ. ಮಲಗಿಸಿ ತೆಗೆದ ಇಸಿಜಿಯಲ್ಲಿ ಇದು ಹೇಗೆ ಸಿಕ್ಕೀತು? ವೈದ್ಯರು ತಾವೂ ಅಳೆದು ಖಚಿತಪಡಿಸಿ ಹೇಳಿದ ಉಪಚಾರ ಅಚ್ಚರಿಯಾಗುವಷ್ಟು ಸಾದಾ ಆಗಿತ್ತು: ದಿನವಿಡೀ ನೀರು, ಎಂದಿಗಿಂತ ಹೆಚ್ಚು ಉಪ್ಪು, ಕಾಲಿಗೆ ಬಿಗಿಯಾದ ಕಾಲುಚೀಲ, ಕುಳಿತು ಸ್ನಾನ, ಬಿಸಿನೀರು ಬೇಡ. ಅಜ್ಜಿಗೆ ಬಿಪಿ, ಉಪ್ಪು ಬಿಡಬೇಕು. ಮೊಮ್ಮಗಳು ಉಪ್ಪು ಹೆಚ್ಚಿಸಬೇಕು. ಅಂದಿನಿಂದ ನಮ್ಮ ಅಡುಗೆಮನೆಯಲ್ಲಿ ಎರಡು ಮಜ್ಜಿಗೆ ಪಾತ್ರೆಗಳು. (ಇದನ್ನು ಓದಿ ಯಾರೂ ತಮ್ಮಷ್ಟಕ್ಕೆ ಮಕ್ಕಳಿಗೆ ಉಪ್ಪು ತಿನ್ನಿಸಬಾರದು, ಅಳತೆಯಿಲ್ಲದೆ, ವೈದ್ಯರಿಲ್ಲದೆ ಮಾಡುವ ಕೆಲಸವಲ್ಲ ಅದು.)

ಗೋಡೆಗೆ ಒರಗಿ ನಿಂತ ಮಗಳ ಪಾದದ ಬಣ್ಣ ನೋಡುತ್ತಿದ್ದಾಗ ನನ್ನ ತರಗತಿಯ ಹುಡುಗನೊಬ್ಬ ನೆನಪಾದ. ಶಾಲೆ ತೆರೆದ ಆ ವರ್ಷ ಒಂಬತ್ತನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ತಲೆ ಒರಗಿಸಿ ಕೂರುತ್ತಿದ್ದ. ನಿದ್ದೆ ಬಂದವರನ್ನು ಎಬ್ಬಿಸಿ ನಿಲ್ಲಿಸುವುದು ನಮ್ಮಲ್ಲಿ ಶಿಕ್ಷೆಯೆಂದೂ ಅನ್ನಿಸಿಕೊಳ್ಳದಷ್ಟು ಸಾಮಾನ್ಯ ಕ್ರಮ. ನಾನು ಅವನನ್ನು ಎಷ್ಟೋ ಪಿರಿಯಡ್ಡುಗಳು ಪೂರ್ತಿ ನಿಲ್ಲಿಸಿದ್ದೇನೆ. ಒಮ್ಮೆ ಅವನು ಗೋಡೆ ಹಿಡಿದುಕೊಂಡಾಗ ಕೈ ಬಿಡು ಎಂದಿದ್ದೇನೆ. ಅವನಿಗೆ ಏನಿತ್ತೋ. ರಾತ್ರಿ ತಂದೆಯ ಜೊತೆ ದುಡಿಯುತ್ತಿದ್ದನೋ, ಊಟವಿಲ್ಲದೆ ಬರುತ್ತಿದ್ದನೋ, ನಿಜವಾಗಿಯೂ ಫೋನ್ ನೋಡುತ್ತಿದ್ದನೋ. ಮರುವರ್ಷ ಟಿ.ಸಿ. ತೆಗೆದುಕೊಂಡು ಬೇರೆ ಊರಿಗೆ ಹೋದ. ಆಮೇಲಿನಿಂದ ನನ್ನ ತರಗತಿಯಲ್ಲಿ ಯಾರನ್ನೂ ನಿಲ್ಲಿಸಿಲ್ಲ. ಅದರಿಂದ ಅವನಿಗೇನೂ ಆಗಬೇಕಾದ್ದಿಲ್ಲ.

ಇನ್ನು ಸಂಖ್ಯೆಗಳ ಮಾತು. ಲಾಂಗ್ ಕೋವಿಡ್ ಎಂಬ ಹೆಸರನ್ನು ಕೊಟ್ಟವರು ಡಾಕ್ಟರರಲ್ಲ. 2020ರ ಮೇ ತಿಂಗಳಲ್ಲಿ ಎಲಿಸಾ ಪೆರೆಗೊ ಎಂಬ ಇಟಲಿಯ ಪುರಾತತ್ವ ಸಂಶೋಧಕಿ, ತಾನೇ ರೋಗಿಯಾಗಿ, ಟ್ವಿಟರಿನಲ್ಲಿ ಬಳಸಿದ ಮಾತು ಅದು. ಮಕ್ಕಳ ಬಗ್ಗೆ ವೈದ್ಯಪತ್ರಿಕೆಯಲ್ಲಿ ಬಂದ ಆರಂಭದ ವರದಿ ಸ್ವೀಡನ್ನಿನ ಯೋನಾಸ್ ಲುಡ್ವಿಗ್‌ಸನ್ ಅವರು ಅದೇ ವರ್ಷದ ಕೊನೆಗೆ ಬರೆದದ್ದು. ಅದರಲ್ಲಿದ್ದದ್ದು ಐದೇ ಮಕ್ಕಳು, ಅವರಲ್ಲಿ ನಾಲ್ವರು ಹುಡುಗಿಯರು. ಐದು ಮಕ್ಕಳಿಂದ ಏನನ್ನೂ ಸಾಧಿಸಲಾಗದು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದ್ದರಿಂದ ನನ್ನಂಥವನಿಗೆ ಹೆಚ್ಚು ಹಿಡಿಸಿದ್ದು ಇಂಗ್ಲೆಂಡಿನ ಕ್ಲಾಕ್ ಅಧ್ಯಯನ. 2021ರ ಜನವರಿಯಿಂದ ಮಾರ್ಚ್‌ವರೆಗೆ ಪರೀಕ್ಷೆ ಮಾಡಿಸಿಕೊಂಡ 11ರಿಂದ 17 ವರ್ಷದವರಲ್ಲಿ ಪಾಸಿಟಿವ್ ಬಂದ 3,065 ಮಂದಿಯನ್ನೂ ನೆಗೆಟಿವ್ ಬಂದ 3,739 ಮಂದಿಯನ್ನೂ ಮೂರು ತಿಂಗಳ ನಂತರ ಕೇಳಿದರು. ಪಾಸಿಟಿವ್ ಆಗಿದ್ದವರಲ್ಲಿ ಶೇ. 66.5 ಮಂದಿಗೆ ಏನಾದರೊಂದು ತೊಂದರೆಯಿತ್ತು. ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಸೋಂಕೇ ತಗುಲದಿದ್ದವರಲ್ಲೂ ಶೇ. 53.3 ಮಂದಿಗೆ ತೊಂದರೆಯಿತ್ತು. ಮೂರು ಅಥವಾ ಹೆಚ್ಚು ತೊಂದರೆಗಳನ್ನು ಲೆಕ್ಕಕ್ಕೆ ಹಿಡಿದರೆ ಶೇ. 30.3ಕ್ಕೆ ಎದುರಾಗಿ ಶೇ. 16.2.

ಈ ಎರಡನೆಯ ಸಂಖ್ಯೆಯನ್ನು, ಎಂದರೆ 53.3ನ್ನು, ಹಿಡಿದುಕೊಂಡು, ನೋಡಿ, ಇದೆಲ್ಲ ಲಾಕ್‌ಡೌನಿನ ಫಲ, ವೈರಸ್ಸಿನದಲ್ಲ ಎಂದು ವಾದಿಸಿದವರಿದ್ದಾರೆ. ಅದನ್ನು ಮುಚ್ಚಿಟ್ಟು ಮೊದಲನೆಯದನ್ನು ಮಾತ್ರ ಹೇಳಿ ಹೆದರಿಸಿದವರೂ ಇದ್ದಾರೆ. ನನಗೆ ಎರಡೂ ಒಟ್ಟಿಗೆ ಬೇಕು. ಆ ಎರಡು ವರ್ಷ ಸೋಂಕಿಲ್ಲದ ಮಕ್ಕಳನ್ನೂ ಬಳಲಿಸಿದವು ಎಂಬುದಕ್ಕೆ 53.3 ಸಾಕ್ಷಿ, ಸೋಂಕು ಅದರ ಮೇಲೆ ತನ್ನದೊಂದು ಪಾಲನ್ನು ಸೇರಿಸಿತು ಎಂಬುದಕ್ಕೆ ಇವುಗಳ ನಡುವಿನ ಅಂತರ ಸಾಕ್ಷಿ. ಆದರೆ ಎದುರಿಗೆ ಕೂತ ಒಂದು ಮಗು ಯಾವ ಪಾಲಿಗೆ ಸೇರಿದ್ದೆಂದು ವ್ಯವಕಲನ ಹೇಳಲಾರದು. ನಾನು ಇಂದಿಗೂ ನನ್ನ ಮಗಳ ವಿಷಯದಲ್ಲಿ ನೂರಕ್ಕೆ ನೂರು ಎನ್ನುವುದಿಲ್ಲ, ಅವಳ ಪರೀಕ್ಷೆಯ ವರದಿಯೇ ಇಲ್ಲವಲ್ಲ. ಇದು ಅವಳೊಬ್ಬಳ ಕತೆಯೂ ಅಲ್ಲ. 2021ರ ಜೂನ್–ಜುಲೈನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ ನಾಲ್ಕನೆಯ ಸೀರೋ ಸಮೀಕ್ಷೆಯಲ್ಲಿ 6ರಿಂದ 9 ವರ್ಷದವರಲ್ಲಿ ಶೇ. 57.2, 10ರಿಂದ 17 ವರ್ಷದವರಲ್ಲಿ ಶೇ. 61.6 ಮಕ್ಕಳ ರಕ್ತದಲ್ಲಿ ಪ್ರತಿಕಾಯಗಳಿದ್ದವು. ಹದಿನೈದು ದಾಟಿದವರಿಗೆ ಲಸಿಕೆ ಶುರುವಾದದ್ದು 2022ರ ಜನವರಿ 3ಕ್ಕೆ, ಹನ್ನೆರಡು ದಾಟಿದವರಿಗೆ ಮಾರ್ಚ್ 16ಕ್ಕೆ. ಆದ್ದರಿಂದ ಆ ಪ್ರತಿಕಾಯಗಳು ಲಸಿಕೆಯಿಂದ ಬಂದವಲ್ಲ. ಶಾಲೆಗಳು ಮುಚ್ಚಿದ್ದ ಕಾಲದಲ್ಲೇ ಐವರಲ್ಲಿ ಮೂವರು ಮಕ್ಕಳಿಗೆ ಸೋಂಕು ತಗುಲಿಹೋಗಿತ್ತು, ಅವರಲ್ಲಿ ಬಹುತೇಕರ ಹೆಸರಿನಲ್ಲಿ ಯಾವ ಲ್ಯಾಬಿನ ಕಾಗದವೂ ಇರಲಿಲ್ಲ.

ಕಾಗದದ ಮಾತು ಬಂದದ್ದರಿಂದ ಸರ್ಟಿಫಿಕೇಟಿನ ಪ್ರಸಂಗವನ್ನು ಹೇಳಬೇಕು. ಒಂಬತ್ತನೆಯ ತರಗತಿಯಲ್ಲಿ ಮಗಳ ಹಾಜರಿ ಶೇ. 75ಕ್ಕಿಂತ ಕೆಳಗಿಳಿಯಿತು. ವೈದ್ಯರ ಪತ್ರ ತನ್ನಿ ಎಂದು ಶಾಲೆಯವರು ಹೇಳಿದರು. ನಾನೂ ನನ್ನ ಶಾಲೆಯಲ್ಲಿ ಹಾಗೆಯೇ ಹೇಳುವವನಾದ್ದರಿಂದ ದೂರಲಾರೆ. ಊರಿನ ವೈದ್ಯರು ಲೆಟರ್‌ಹೆಡ್ ತೆಗೆದಿಟ್ಟುಕೊಂಡು, "ಮೇಷ್ಟ್ರೇ, ಏನಂತ ಬರೀಲಿ?" ಎಂದರು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರ ಲಾಂಗ್ ಕೋವಿಡ್‌ಗೆ ವ್ಯಾಖ್ಯೆ ಕೊಟ್ಟದ್ದು 2021ರ ಅಕ್ಟೋಬರಿನಲ್ಲಿ. ಮಕ್ಕಳಿಗೆ ಬೇರೆ ವ್ಯಾಖ್ಯೆ ಬೇಕೆಂದು ಚರ್ಚಿಸಿ ಅದನ್ನು ಹೊರತಂದದ್ದು 2023ರ ಫೆಬ್ರುವರಿಯಲ್ಲಿ; ನಡುವೆ ಹದಿನಾರು ತಿಂಗಳು. ಖಚಿತವಾದ ಅಥವಾ ಸಂಭವನೀಯವಾದ ಸೋಂಕು, ಅದಾದ ಮೂರು ತಿಂಗಳೊಳಗೆ ಆರಂಭವಾಗಿ ಕನಿಷ್ಠ ಎರಡು ತಿಂಗಳು ಇರುವ ಲಕ್ಷಣಗಳು ಎಂದು ಅದು ಹೇಳುತ್ತದೆ. ಸೋಂಕಿಲ್ಲದ ಮಕ್ಕಳಿಗಿಂತ ಹೆಚ್ಚಾಗಿ ಕಾಣುವವು ಬಳಲಿಕೆ, ವಾಸನೆಯ ವ್ಯತ್ಯಾಸ ಮತ್ತು ಆತಂಕ ಎನ್ನುತ್ತದೆ. ಲಕ್ಷಣಗಳು ಏರಿಳಿಯಬಹುದು, ಹೋಗಿ ಮರಳಬಹುದು ಎಂದು ಒಪ್ಪುತ್ತದೆ. ಆಟ, ಊಟ, ನಡತೆ, ಓದು, ಗೆಳೆತನ ಇವುಗಳ ಮೇಲಾಗುವ ಪರಿಣಾಮವನ್ನೂ ಹೆಸರಿಸುತ್ತದೆ. ನನಗೆ ಮುಖ್ಯವಾಗಿ ಕಂಡದ್ದು "ಸಂಭವನೀಯ" ಎಂಬ ಒಂದು ಮಾತು. ಲ್ಯಾಬಿನ ಕಾಗದವಿಲ್ಲದ ಮಗುವಿಗೂ ಆ ಮಾತು ಒಂದು ಬಾಗಿಲನ್ನು ತೆರೆದಿಟ್ಟಿದೆ. ಆ ವ್ಯಾಖ್ಯೆಯ ಮುದ್ರಿತ ಪ್ರತಿಯನ್ನು ನಾನು ವೈದ್ಯರ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಹಾಕಿಕೊಂಡು, ಹೊರಗೆ ಕಾಯುತ್ತಿದ್ದ ರೋಗಿಗಳನ್ನು ಮರೆತು, ಪೂರ್ತಿ ಓದಿದರು. ನಂತರ ಬರೆದುಕೊಟ್ಟರು.

ಆತಂಕವೂ ಆ ಪಟ್ಟಿಯಲ್ಲಿ ಇರುವುದನ್ನು ನಾನು ಮೊದಲು ಬಚ್ಚಿಡುತ್ತಿದ್ದೆ, ಎಲ್ಲ ಮನಸ್ಸಿನದೇ ಎಂದು ಮತ್ತೆ ಯಾರಾದರೂ ಹೇಳಿಯಾರೆಂಬ ಭಯದಿಂದ. ಅದು ನನ್ನ ತಪ್ಪಾಗಿತ್ತು. ಎರಡು ವರ್ಷ ಗೆಳತಿಯರಿಂದ ಹಿಂದುಳಿದ, ಅಪ್ಪನೇ ನಂಬದ ಹುಡುಗಿಗೆ ಎದೆ ಹೊಡೆದುಕೊಂಡರೆ ಅದಕ್ಕೂ ಆರೈಕೆ ಬೇಕು. ಪಾಟ್ಸ್ ಇದ್ದದ್ದರಿಂದ ಅದು ಸುಳ್ಳಾಗುವುದಿಲ್ಲ, ಅದು ಇದ್ದದ್ದರಿಂದ ಪಾಟ್ಸ್ ಸುಳ್ಳಾಗುವುದೂ ಇಲ್ಲ. ಆಪ್ತಸಮಾಲೋಚಕರ ಬಳಿ ಆರು ತಿಂಗಳು ಹೋದಳು. ಅಲ್ಲಿಂದ ಬಂದ ಮೇಲೆ ಅವಳು ಮೊದಲು ಹೇಳಿದ ಮಾತು, "ನೀವು ಓಡಿಸಿದ್ದಕ್ಕೆ ನನಗೆ ಸಿಟ್ಟಿಲ್ಲ, ಆಮೇಲೆ ದೋಸೆ ತಿಂದಾಗ ಅಮ್ಮನ ಕಡೆ ನೋಡಿದ್ರಲ್ಲ, ಅದಕ್ಕೆ ಸಿಟ್ಟು" ಎಂದು.

ಬ್ರಿಟನ್ನಿನಲ್ಲಿ 2021ರಲ್ಲೇ ಮಕ್ಕಳ ಲಾಂಗ್ ಕೋವಿಡ್‌ಗಾಗಿ ಹದಿನೈದು ವಿಶೇಷ ಕೇಂದ್ರಗಳನ್ನು ತೆರೆಯುವುದಾಗಿ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಘೋಷಿಸಿತು. ಅಮೆರಿಕದಲ್ಲಿ ಅದೇ ವರ್ಷದ ಜುಲೈನಲ್ಲಿ, ತೀವ್ರವಾದ ಲಾಂಗ್ ಕೋವಿಡ್ ಅನ್ನು ಅಂಗವೈಕಲ್ಯವೆಂದು ಪರಿಗಣಿಸಬಹುದು, ಶಾಲೆಗಳು ಹೊಂದಾಣಿಕೆ ಮಾಡಿಕೊಡಬೇಕು ಎಂಬ ಸೂಚನೆ ಹೊರಟಿತು. ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಇಪ್ಪತ್ತೊಂದು ವರ್ಗಗಳಲ್ಲಿ ಇದರ ಹೆಸರಿಲ್ಲ. ನಮಗೆ ಒದಗಿಬಂದ ನೆರವು ಯಾರೂ ನಮಗಾಗಿ ಮಾಡದ ಒಂದು ಬದಲಾವಣೆಯಿಂದ ಬಂತು. 2024ರಲ್ಲಿ ಮಗಳು ಎಸ್ಎಸ್ಎಲ್‌ಸಿಗೆ ಬಂದಾಗ ರಾಜ್ಯದಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಜಾರಿಯಾಗಿತ್ತು. ನಾನು ಮೇಷ್ಟರಾಗಿ ಅದನ್ನು ವಿರೋಧಿಸಿ ಮಾತಾಡಿದ್ದವನು, ನಮ್ಮ ಬೇಸಿಗೆ ರಜೆ ಹೋಯಿತಲ್ಲ ಎಂಬ ಸಿಟ್ಟಿನಿಂದ. ತಂದೆಯಾಗಿ ಅದೇ ಪದ್ಧತಿಯನ್ನು ಹಿಡಿದುಕೊಂಡು ಕೂತು, ಮಾರ್ಚ್ ಕೊನೆಗೆ ಶುರುವಾದ ಮೊದಲ ಪರೀಕ್ಷೆಯಲ್ಲಿ ಮೂರು ವಿಷಯ, ಜೂನಿನ ಎರಡನೆಯದರಲ್ಲಿ ಉಳಿದ ಮೂರು ಎಂದು ಹಂಚಿದೆ. ಪ್ರತಿ ಪರೀಕ್ಷೆಯ ಮುಂದೆ ಎರಡು ಅಡ್ಡಸಾಲು ಖಾಲಿ ಬಿಟ್ಟೆ. ಗಣಿತವನ್ನು ಜೂನಿಗೆ ಇಟ್ಟದ್ದು ಅವಳ ಹಟ.

ಇಂಗ್ಲೆಂಡಿನ ಅದೇ ಅಧ್ಯಯನ ಮಕ್ಕಳನ್ನು ಎರಡು ವರ್ಷ ಹಿಂಬಾಲಿಸಿದಾಗ ಮೂರು, ಆರು, ಹನ್ನೆರಡು, ಇಪ್ಪತ್ನಾಲ್ಕನೆಯ ತಿಂಗಳುಗಳ ನಾಲ್ಕೂ ಘಟ್ಟಗಳಲ್ಲಿ ತೊಂದರೆ ಹೊತ್ತೇ ಇದ್ದವರು ಸುಮಾರು ಶೇ. 7 ಮಾತ್ರ, ಹೆಚ್ಚಿನವರು ನಡುವೆ ಎಲ್ಲೋ ಚೇತರಿಸಿಕೊಂಡರು. ವಯಸ್ಸಿನಲ್ಲಿ ದೊಡ್ಡವರಿಗೂ ಹುಡುಗಿಯರಿಗೂ ಅಪಾಯ ಹೆಚ್ಚು ಎಂಬುದೂ ಅಲ್ಲಿ ಕಂಡಿತು. ಎರಡನೆಯ ಬಾರಿ ಸೋಂಕು ತಗುಲಿದ ಮಕ್ಕಳಲ್ಲಿ ಲಾಂಗ್ ಕೋವಿಡ್ಡಿನ ಅಪಾಯ ಮೊದಲ ಬಾರಿಗಿಂತ ಸುಮಾರು ಎರಡು ಪಟ್ಟು ಎಂದು 2025ರಲ್ಲಿ ರಿಕವರ್ ತಂಡ ವರದಿ ಮಾಡಿದೆ, ಆದ್ದರಿಂದ ಮಳೆಗಾಲದಲ್ಲಿ ನೆಗಡಿಯ ನೆಂಟರು ಬಂದರೆ ನಮ್ಮ ಮನೆಯಲ್ಲಿ ಕಿಟಕಿಗಳೆಲ್ಲ ತೆರೆದಿರುತ್ತವೆ. ಅವರು ಏನಾದರೂ ಅಂದುಕೊಳ್ಳಲಿ. ಮಗಳು ಆ ಶೇ. 7ರಲ್ಲಿ ಇದ್ದಳು. ಈಗ ಅವಳ ಪಾದಗಳು ಕೆನ್ನೀಲಿಯಾಗುವುದಿಲ್ಲ. ಒಗ್ಗರಣೆಯ ವಾಸನೆ ಒಗ್ಗರಣೆಯಂತೆಯೇ ಇದೆಯಂತೆ, ಕಾಫಿ ಮಾತ್ರ ಇನ್ನೂ ಆಗದು. ಪಿಯುಗೆ ವಿಜ್ಞಾನ ತೆಗೆದುಕೊಂಡರೆ ಲ್ಯಾಬಿನಲ್ಲಿ ಗಂಟೆಗಟ್ಟಲೆ ನಿಲ್ಲಬೇಕೆಂದು ವಾಣಿಜ್ಯ ತೆಗೆದುಕೊಂಡಳು. ಅದಕ್ಕಾಗಿ ಒಂದು ರಾತ್ರಿ ಅತ್ತಳು, ಆಮೇಲೆ ಅಕೌಂಟೆನ್ಸಿ ಹಿಡಿಸಿತು ಎಂದಳು. ಜಮಾ-ಖರ್ಚು ತನಗೆ ಮೊದಲೇ ಗೊತ್ತಿತ್ತು ಎಂಬುದು ಅವಳ ತಮಾಷೆ.

ಮೊದಲ ನೋಟ್‌ಬುಕ್ ತುಂಬಿದ ದಿನ ನಾನು ಇನ್ನೊಂದನ್ನು ತಂದು, ಸ್ಕೇಲಿಟ್ಟು ಗೆರೆ ಎಳೆಯಲು ಕೂತಿದ್ದೆ. ಅವಳು ಬಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, "ಇದನ್ನು ಇನ್ನು ನಾನೇ ಬರ್ಕೋತೀನಿ" ಎಂದಳು. ಈಗ ಅದು ಅವಳ ಕೋಣೆಯಲ್ಲಿ, ಪುಸ್ತಕಗಳ ಸಾಲಿನ ಹಿಂದೆ ಇರುತ್ತದೆ. ಮೊನ್ನೆ ಗೆಳತಿಯರ ಜೊತೆ ಸಂಜೆ ಜಾತ್ರೆಗೆ ಹೋಗಿ ರಾತ್ರಿ ಒಂಬತ್ತಕ್ಕೆ ಬಂದಳು. ಅದಾದ ಎರಡನೆಯ ದಿನ ನಾನು ಶಾಲೆಯಿಂದ ಬಂದವನು ಅವಳ ಕೋಣೆಯ ಬಾಗಿಲು ಮುಚ್ಚಿರುವುದನ್ನು ಕಂಡು, ಮಜ್ಜಿಗೆಯ ಪಾತ್ರೆಗಳಲ್ಲಿ ಉಪ್ಪು ಹೆಚ್ಚಿರುವುದು ಯಾವುದೆಂದು ನೆಕ್ಕಿ ನೋಡಿ, ಒಂದು ಲೋಟ ಬಗ್ಗಿಸಿ ಬಾಗಿಲ ಹೊರಗೆ ಇಟ್ಟೆ.